ಗ್ಲೌಸಿನೊಳಗೆ ಬಳೆ

ನನ್ನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ದೂಳಿನ ಕೆಲಸ ಬಿಡಬೇಕು ಎಂದರು. ಬಿಟ್ಟರೆ ಇದು ಹೋಗುತ್ತದೆಯೇ ಎಂದು ಕೇಳಿದೆ. ಹೋಗುವುದಿಲ್ಲ, ಹೆಚ್ಚಾಗುವುದು ನಿಧಾನವಾಗುತ್ತದೆ ಅಷ್ಟೇ ಎಂದರು. ಅವರು ಸುಳ್ಳು ಹೇಳಲಿಲ್ಲ, ಅದು ನನಗೆ ಸೇರಿತು. ಮೆಟ್ಟಿಲು ಇಳಿಯುವಾಗ ಎರಡು ಸಲ ಕೂತೆ.

ನಾನು ಬಿಟ್ಟ ಕೆಲಸ ನನ್ನ ಸೊಸೆಗೆ ಬಂತು. ನನ್ನ ಎದೆಗೆ ಆದದ್ದು ಅವಳ ಎದೆಗೆ ಆಗಬಾರದು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿತ್ತು. ಅವಳ ಕೈ ಕಡೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ.

ಕೆಲಸ ಎಂಥದು ಎಂದು ಮೊದಲು ಹೇಳುತ್ತೇನೆ. ಕೊಪ್ಪಳದ ಹೊರಗೆ ಕುಷ್ಟಗಿ ರಸ್ತೆಯಲ್ಲಿ ಒಂದು ವರ್ಕ್‌ಶಾಪು. ಗಂಗಾವತಿಯ ಅಕ್ಕಿ ಗಿರಣಿಗಳ ಸಾಮಾನು, ಯಲಬುರ್ಗಾ ಕಡೆಯ ಬೋರ್‌ವೆಲ್ ಮೋಟಾರು, ಟ್ರ್ಯಾಕ್ಟರಿನ ಭಾಗಗಳು ಅಲ್ಲಿಗೆ ರಿಪೇರಿಗೆ ಬರುತ್ತವೆ. ಬರುವಾಗ ತುಕ್ಕು ಹಿಡಿದಿರುತ್ತವೆ, ಹಳೆ ಬಣ್ಣ ಹೊಪ್ಪಳಿಸಿ ಎದ್ದಿರುತ್ತದೆ. ಅದನ್ನು ತೆಗೆಯದೆ ವೆಲ್ಡಿಂಗೂ ಕೂಡುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ತೆಗೆಯುವುದಕ್ಕೆ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಇದೆ. ನಾವೆಲ್ಲ ಅದಕ್ಕೆ ಡಬ್ಬಿ ಎನ್ನುತ್ತೇವೆ. ಮುಂದೆ ನೋಡಲು ಒಂದು ಗಾಜು, ಅದರ ಕೆಳಗೆ ಎರಡು ತೂತು, ತೂತಿಗೆ ಭುಜದವರೆಗೆ ಬರುವ ಉದ್ದನೆಯ ರಬ್ಬರ್ ಗ್ಲೌಸು. ಹೊರಗೆ ನಿಂತು ಆ ಗ್ಲೌಸಿನಲ್ಲಿ ಕೈ ತೂರಿಸಿ, ಒಳಗೆ ಒಂದು ಕೈಯಲ್ಲಿ ಸಾಮಾನು, ಒಂದು ಕೈಯಲ್ಲಿ ಗನ್ನು ಹಿಡಿಯಬೇಕು. ಕಾಲ ಬುಡದಲ್ಲಿ ಪೆಡಲ್ ಇರುತ್ತದೆ. ಒತ್ತಿದರೆ ಕಂಪ್ರೆಸರಿನ ಗಾಳಿ ಗನ್ನಿನೊಳಗಿಂದ ಕಂದು ಬಣ್ಣದ ಪುಡಿಯನ್ನು ಹೊಡೆಯುತ್ತದೆ. ಪುಡಿಯ ಕಣ ಸಕ್ಕರೆ ಹರಳಿನಷ್ಟೇ, ಆದರೆ ಕಬ್ಬಿಣವನ್ನು ಕೆರೆಯುತ್ತದೆ. ಕಬ್ಬಿಣಕ್ಕೆ ಹಾಗೆ ಮಾಡುವುದು ಚರ್ಮಕ್ಕೆ ಏನು ಮಾಡೀತು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಡಬ್ಬಿ ಬರುವ ಮೊದಲು ನಾವು ಈ ಕೆಲಸವನ್ನು ಬಯಲಿನಲ್ಲಿ ಮಾಡುತ್ತಿದ್ದೆವು. ಈಗಿನ ಮಾಲೀಕನ ತಂದೆಯ ಕಾಲ ಅದು. ಹೊಳೆ ಮರಳನ್ನು ಜರಡಿ ಹಿಡಿದು, ಒಣಗಿಸಿ, ಗಾಳಿಯಲ್ಲಿ ಹೊಡೆಯುವುದು. ಬಾಯಿಗೆ ಸೆರಗು. ಸಂಜೆಗೆ ಕೂದಲಿನಿಂದ ಹುಬ್ಬಿನವರೆಗೆ ಎಲ್ಲ ಬೂದಿ ಬೂದಿ. ನನ್ನ ಜೊತೆ ಇನ್ನೊಬ್ಬಳು ಇದ್ದಳು, ಅವಳೂ ಗಂಡ ಸತ್ತವಳೇ. ಕೆಮ್ಮು ಹತ್ತಿತು. ಆರು ತಿಂಗಳು ಟಿ.ಬಿ. ಗುಳಿಗೆ ನುಂಗಿದಳು. ಗುಳಿಗೆ ಮುಗಿದವು, ಕೆಮ್ಮು ಮುಗಿಯಲಿಲ್ಲ. ಅವಳು ಹೋದ ಮೇಲೆ ಎಷ್ಟೋ ವರ್ಷಕ್ಕೆ, ಅದು ಟಿ.ಬಿ. ಅಲ್ಲ, ಮರಳಿನ ದೂಳು ಎಂದು ನನಗೆ ತಿಳಿದದ್ದು. ಆ ಹೊತ್ತಿಗೆ ಅದು ನನ್ನೊಳಗೂ ಬಂದು ಕೂತಿತ್ತು.

ಹಿಂದೆ ಮರಳಿಗೆ ಹಚ್ಚಿದ್ದು ನಮ್ಮಿಬ್ಬರನ್ನೇ. ಯಾಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಕೈ ಬೋಳು. ಮುತ್ತೈದೆಯರ ಕೈಯಲ್ಲಿ ಬಳೆ ಇರುತ್ತವೆ, ಮರಳು ಹೊಡೆದರೆ ಒಡೆಯುತ್ತವೆ, ಮನೆಗೆ ಹೋಗಿ ಜಗಳ. ನಮಗೆ ಆ ತಾಪತ್ರಯ ಇಲ್ಲ. ಆಮೇಲೆ ಮಗ ಮಾಲೀಕನಾಗಿ ಡಬ್ಬಿ ತಂದಾಗಲೂ ನಾನೇ ಅದರ ಮುಂದೆ ನಿಂತೆ.

ಡಬ್ಬಿ ಬಂದ ಹೊಸದರಲ್ಲಿ ಗಂಡಸರು ಅದನ್ನು ಕೆಡಿಸಿದರು. ಬಾಗಿಲು ತೆರೆದಿದ್ದರೆ ಗಾಳಿ ಬರದ ಹಾಗೆ ಅದಕ್ಕೊಂದು ಸಣ್ಣ ಸ್ವಿಚ್ಚು ಇದೆ. ಉದ್ದನೆಯ ಸಾಮಾನು ಒಳಗೆ ಹಿಡಿಸುವುದಿಲ್ಲ ಎಂದು ವೆಲ್ಡಿಂಗ್ ಮಾಡುವವನು ಆ ಸ್ವಿಚ್ಚಿಗೆ ತಂತಿ ಕಟ್ಟಿ ಬಾಗಿಲು ತೆರೆದೇ ಹೊಡೆದ. ಕಣ್ಣು ಊದಿಸಿಕೊಂಡು ಎರಡು ದಿನ ಮನೆಯಲ್ಲಿ ಬಿದ್ದ. ನಾನು ಕತ್ತರಿ ತಂದು ತಂತಿ ಕತ್ತರಿಸಿದೆ. "ಇನ್ನೊಮ್ಮೆ ಕಟ್ಟಿದ್ರ ನಿನ್ನ ಬೆರಳ ಕತ್ತರಸ್ತೀನಿ" ಎಂದೆ. ಅವನು ಕೆಟ್ಟವನಲ್ಲ. ಅವಸರದವನು.

ನನ್ನ ಮಗ ಲಾರಿ ಡ್ರೈವರ್. ವಾರದಲ್ಲಿ ಐದು ದಿನ ಘಟ್ಟದ ರಸ್ತೆಯಲ್ಲಿ ಇರುತ್ತಾನೆ. ಅವನ ಹೆಂಡತಿ ಕಿನ್ನಾಳದವಳು, ಗೊಂಬೆಗೆ ಬಣ್ಣ ಹಚ್ಚುವ ಮನೆಗಳ ನಡುವೆ ಬೆಳೆದವಳು. ಅವಳ ಕೈ ನಡುಗುವುದಿಲ್ಲ, ಕಣ್ಣು ಸೂಕ್ಷ್ಮ. ಅವಳೇ ಕೇಳಿದಳು, ನಿಮ್ಮ ಜಾಗಕ್ಕೆ ನಾನು ಬರಲೇ ಎಂದು. ಹೊಲದ ಕೂಲಿಗಿಂತ ನೆರಳಿನ ಕೆಲಸ, ದಿನಾ ಇರುವ ಕೆಲಸ. ನಾನು ಬೇಡ ಎನ್ನಲಿಲ್ಲ. ಇರಕಲ್ಲಗಡದ ಹತ್ತಿರದ ನಮ್ಮ ಊರಿನಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಕಲಿಯುವವರೆಗೆ ನಾನೂ ಹೋಗಿ ಹೊರಗೆ ಕೂರುವುದು, ಸಾಮಾನಿನ ಎಣ್ಣೆ ಒರೆಸಿಕೊಡುವುದು ಎಂದು ಮಾಲೀಕನಿಗೆ ಹೇಳಿದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದೇ ನನಗೆ ಅರ್ಧ ದಿನದ ಕೆಲಸ ಆಗಿಬಿಟ್ಟಿತ್ತು.

ಕಲಿಸಿದೆ. ದಿನಾ ಬಂದ ಕೂಡಲೇ ಗ್ಲೌಸನ್ನು ಬಲ್ಬಿನ ಬೆಳಕಿಗೆ ಎಳೆದು ನೋಡು, ಸೂಜಿಮೊನೆಯಷ್ಟು ಬೆಳಕು ಕಂಡರೂ ಕೆಲಸ ಇಲ್ಲ. ಸಾಮಾನಿಗೆ ಎಣ್ಣೆ ಇರಬಾರದು, ತೇವ ಇರಬಾರದು, ಇದ್ದರೆ ಪುಡಿ ಗಂಟು ಕಟ್ಟಿ ಗನ್ನು ಕಟ್ಟಿಕೊಳ್ಳುತ್ತದೆ. ಮೊದಲು ದೂಳನ್ನು ಹಿಂದಿನ ಚೀಲಕ್ಕೆ ಎಳೆಯುವ ಫ್ಯಾನು, ಆಮೇಲೆ ಗಾಳಿ. ಗನ್ನಿನ ಬಾಯಿ ನಿನ್ನ ಇನ್ನೊಂದು ಕೈಯ ಕಡೆ ತಿರುಗಬಾರದು. ನಿಲ್ಲಿಸುವಾಗ ಮೊದಲು ಕಾಲು ತೆಗಿ, ಕೈ ಆಮೇಲೆ. ಕಾಲು ತೆಗೆದ ಮೇಲೂ ಒಂದರಿಂದ ನೂರು ಎಣಿಸು, ಒಳಗಿನ ದೂಳು ಎಲ್ಲ ಚೀಲಕ್ಕೆ ಹೋಗಲಿ, ಆಮೇಲೆ ಬಾಗಿಲು. ಸೀರೆ ಮೇಲಿನ ದೂಳನ್ನು ಗಾಳಿ ಪೈಪಿನಿಂದ ಊದಿಕೊಳ್ಳಬೇಡ. ನೆಲವನ್ನು ಕಸಬರಿಗೆಯಿಂದ ಗುಡಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು. ಚೀಲ ಝಾಡಿಸುವ ದಿನ ಒಳ್ಳೆ ಮಾಸ್ಕು, ಸೆರಗು ಅಲ್ಲ.

"ಅತ್ತಿ, ಪೂಜಿಗಿಂತ ಇದರ ಮಡಿ ಭಾಳ ಐತಲ್ರಿ" ಎಂದಳು.

"ಪೂಜ್ಯಾಗ ತಪ್ಪಿದ್ರ ದೇವರು ಕ್ಷಮಾ ಮಾಡ್ತಾನ. ಇದು ಮಾಡಂಗಿಲ್ಲ."

ಕಲಿತಳು. ನನಗಿಂತ ಚೆನ್ನಾಗಿ ಕಲಿತಳು. ಗಿರಣಿಯ ಜರಡಿ ತಗಡು ತೆಳ್ಳಗಿರುತ್ತದೆ, ಹೆಚ್ಚು ಹೊತ್ತು ಒಂದೇ ಕಡೆ ಹೊಡೆದರೆ ಸೊಟ್ಟ ಆಗುತ್ತದೆ. ನಾನು ಎಷ್ಟೋ ಕೆಡಿಸಿದ್ದೇನೆ. ಅವಳು ಒಂದೂ ಕೆಡಿಸಲಿಲ್ಲ. ಬಣ್ಣದ ಕುಂಚ ಆಡಿಸಿದ ಹಾಗೆ ಗನ್ನನ್ನು ಆಡಿಸುತ್ತಿದ್ದಳು.

ಒಂದೇ ಒಂದು ಉಳಿಯಿತು. ಅವಳ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ, ಮಣಿಕಟ್ಟಿನಿಂದ ಮೇಲೆ ನಾಲ್ಕು ಬೆರಳು ಅಗಲ. ಕೈಗೆ ಬಿಗಿಯಾಗಿ ಕೂತಿದ್ದವು. ಬಳೆಗಾರ ಸೋಪು ಹಚ್ಚಿ ಏರಿಸಿದ ಬಳೆ ಹಾಗೆಲ್ಲ ಇಳಿಯುವುದಿಲ್ಲ. ಆ ಕೈಯನ್ನೇ ಗ್ಲೌಸಿನಲ್ಲಿ ತೂರಿಸುತ್ತಿದ್ದಳು. ಒಳಗೆ ಕಿಣಿಕಿಣಿ.

"ಆಯಿ, ನಿಮ್ಮ ಡಬ್ಬ್ಯಾಗ ಯಾರೋ ಕೋಲಾಟ ಆಡಾಕತ್ತಾರ" ಎಂದ ವೆಲ್ಡಿಂಗಿನವನು.

"ನೀ ನಿನ್ನ ಬೆಂಕಿ ನೋಡ್ಕೋ" ಎಂದೆ. ಆದರೆ ಅವನು ಹೇಳಿದ್ದು ಸರಿ ಇತ್ತು. ಬಳೆ ಇರುವ ಕೈ ಗ್ಲೌಸಿನಲ್ಲಿ ಇರಬಾರದು. ಒಳಗಿಂದ ರಬ್ಬರನ್ನು ಉಜ್ಜುತ್ತದೆ. ಒಡೆದರೆ ಕೊಯ್ಯುತ್ತದೆ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಉಳಿದ ನಿಯಮ ಎಲ್ಲ ಹೇಳಿದೆ, ಇದೊಂದನ್ನು ಹೇಳಲಿಲ್ಲ.

ಮಾಲೀಕ ಬಂದು ನನ್ನ ಪಕ್ಕದಲ್ಲಿ ನಿಂತ. "ಆಯಿ, ಬಳಿ ತಗ್ಯಾಕ ಹೇಳ್ರಿ ಆಕಿಗೆ."

"ಮಾಲಕರು ನೀವು. ನೀವ ಹೇಳ್ರಿ."

"ಗಂಡಸ ಮನಷ್ಯಾ, ನಾ ಹೆಂಗ ಹೇಳ್ಲಿ? ನೀವು ಅತ್ತಿ ಅದೀರಿ."

"ಅತ್ತಿ ಅದೀನಿ, ಖರೆ. ನನ್ನ ಕೈ ನೋಡ್ರಿ ಒಂದ್ಸಲ" ಎಂದು ಎರಡೂ ಕೈ ಮುಂದೆ ಚಾಚಿದೆ. ಅವನು ನೋಡಿದ. ಆಮೇಲೆ ಒಳಗೆ ಹೋದ.

ಬೇರೆ ಊರಿನವರಿಗೆ ಇದು ಅರ್ಥವಾಗುತ್ತದೋ ಇಲ್ಲವೋ. ನಮ್ಮಲ್ಲಿ ಹೆಣ್ಣಿನ ಕೈ ಬೋಳಾಗುವುದು ಒಂದೇ ದಿನ. ಆ ದಿನ ಹತ್ತು ಜನ ಹೆಂಗಸರು ಹಿಡಿದುಕೊಂಡು ಒಡೆಯುತ್ತಾರೆ. ನನಗೆ ಒಡೆದಿದ್ದಾರೆ. ಬಳೆ ಬದಲಿಸುವಾಗ ಕೂಡ ಹಳೆಯದು ಒಂದನ್ನು ಉಳಿಸಿಕೊಂಡೇ ಹೊಸದನ್ನು ಏರಿಸುತ್ತಾರೆ, ಒಂದು ಗಳಿಗೆ ಕೂಡ ಕೈ ಖಾಲಿ ಇರಬಾರದು ಎಂದು. ಒಡೆಯಿತು ಎಂಬ ಮಾತನ್ನೇ ಬಾಯಲ್ಲಿ ತರುವುದಿಲ್ಲ, ಬೇರೆ ಮಾತಿನಲ್ಲಿ ಸುತ್ತಿ ಹೇಳುತ್ತಾರೆ. ಗಂಡ ಲಾರಿ ಹತ್ತಿ ಘಟ್ಟ ಇಳಿಯುತ್ತಿರುವಾಗ, ಗಂಡ ಇಲ್ಲದ ಅತ್ತೆ ನಿಂತು, ಬಳೆ ತೆಗಿ ಎಂದು ಸೊಸೆಗೆ ಹೇಳುವುದು ಹೇಗೆ? ಆ ಗಂಡ ನನ್ನ ಮಗ ಬೇರೆ. ನಾನು ಇಂಥದನ್ನು ನಂಬುವವಳಲ್ಲ. ನನ್ನ ಗಂಡ ಸತ್ತಾಗ ನನ್ನ ಕೈತುಂಬ ಬಳೆ ಇದ್ದವು. ಆದರೂ ಬಾಯಿ ಏಳಲಿಲ್ಲ.

ಹೇಳುವ ಬದಲು ಒಂದು ಉಪಾಯ ಮಾಡಿದೆ. ಇದೇ ನನ್ನ ತಪ್ಪು. ಮೊಮ್ಮಗಳ ಸಾಲೆಯ ಹಳೆ ಸಾಕ್ಸಿನ ಪಾದ ಕತ್ತರಿಸಿ, ಎರಡು ತೋಳು ಮಾಡಿ, ಸೊಸೆಗೆ ಕೊಟ್ಟೆ. ಬಳೆಯನ್ನೆಲ್ಲ ಮೇಲೆ ಸರಿಸಿ ಅದರ ಮೇಲೆ ಈ ಸಾಕ್ಸು ಎಳೆದುಕೋ, ಗ್ಲೌಸಿಗೆ ತಾಗುವುದಿಲ್ಲ ಎಂದೆ. ಅವಳಿಗೆ ಬಹಳ ಸಂತೋಷ ಆಯಿತು.

"ನೋಡ್ರಿ, ನಿಮ್ಮ ತಲಿಗೆ ಯಾರೂ ಸಮಾ ಇಲ್ಲ" ಎಂದಳು. ಕಿಣಿಕಿಣಿ ನಿಂತಿತು. ಮಾಲೀಕನಿಗೂ ಸಮಾಧಾನ ಆಯಿತು. ಸದ್ದು ನಿಂತ ಮೇಲೆ ಎಲ್ಲರೂ ಮರೆತರು. ನಾನು ಮರೆಯಲಿಲ್ಲ. ಎಡಗೈ ಗ್ಲೌಸಿನಲ್ಲಿ, ಮಣಿಕಟ್ಟಿನ ಜಾಗದಲ್ಲಿ, ವಾರಕ್ಕೊಂದು ಸೂಜಿಮೊನೆ ಬೆಳಕು ಕಾಣಿಸಿಕೊಳ್ಳುತ್ತಿತ್ತು. ನಾನು ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ, ಮುಚ್ಚುತ್ತಿದ್ದೆ. ಹೊಸ ಗ್ಲೌಸು ತರಿಸಿ ಎಂದು ಮಾಲೀಕನಿಗೆ ಹೇಳಿದರೆ, ಯಾಕೆ ಇಷ್ಟು ಬೇಗ ಹೋಯಿತು ಎಂದು ಕೇಳುತ್ತಾನೆ. ಕೇಳಿದರೆ ಬಳೆ ಮಾತು ಬರುತ್ತದೆ. ಅದಕ್ಕೆ ಹೇಳಲಿಲ್ಲ. ಒಂದರ ಮೇಲೊಂದು ನಾಲ್ಕು ತೇಪೆ ಕೂತವು.

ಆ ದಿನ ಕುಷ್ಟಗಿಯ ಒಬ್ಬ ರೈತ ತನ್ನ ಬೋರಿನ ಪಂಪು ತಂದು ಬಾಗಿಲಲ್ಲೇ ಕೂತಿದ್ದ. ಸಂಜೆಯೊಳಗೆ ಬೇಕು, ಹೊಲದಲ್ಲಿ ಮೆಣಸಿನ ಗಿಡ ಒಣಗುತ್ತಿವೆ ಎಂದು ಪ್ರತಿ ಹತ್ತು ನಿಮಿಷಕ್ಕೆ ಕೇಳುತ್ತಿದ್ದ. "ಆತೇನ್ಬೇ ಯವ್ವಾ?" ಎನ್ನುವನು. "ಆಗ್ತದ ಕುಂದ್ರಪಾ, ಹಡಿಯಾಕ ಸೈತ ಒಂಬತ್ತು ತಿಂಗಳಾ ಬೇಕು" ಎಂದೆ ನಾನು. ನನಗೂ ಅವನ ಅವಸರದಿಂದ ಸಾಕಾಗಿತ್ತು. ಪಂಪಿನ ಚಕ್ರಗಳ ಮೇಲೆ ಉಪ್ಪುನೀರಿನ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು. ಸೊಸೆ ಒಂದೊಂದನ್ನೇ ಎಡಗೈಯಲ್ಲಿ ತಿರುಗಿಸುತ್ತಾ ಹೊಡೆಯುತ್ತಿದ್ದಳು. ನಾನು ಬಾಗಿಲ ಹತ್ತಿರ ಉಳಿದ ಚಕ್ರಗಳನ್ನು ಒರೆಸುತ್ತಾ ಕೂತಿದ್ದೆ.

ತಲೆ ಎತ್ತಿ ನೋಡಿದೆ. ಅವಳ ಎಡ ತೋಳಿನ ಹತ್ತಿರ, ಗ್ಲೌಸು ಮುಗಿಯುವಲ್ಲಿ, ಕಂದು ದೂಳು ಸಣ್ಣಗೆ ಹೊರಗೆ ಬರುತ್ತಿತ್ತು. ಅಲ್ಲಿಂದ ಏನೂ ಬರಬಾರದು. ಬಂತೆಂದರೆ ಒಳಗೆ ಗ್ಲೌಸು ಹರಿದಿದೆ, ಪುಡಿ ಅವಳ ಕೈಗೇ ಬಡಿಯುತ್ತಿದೆ ಎಂದು.

"ಕಾಲು ತಗಿ! ಕಾಲು!" ಎಂದು ಕೂಗಿದೆ. ಕಂಪ್ರೆಸರಿನ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಎದ್ದು ಓಡಲು ನನಗೆ ಉಸಿರಿಲ್ಲ. ಹತ್ತಿರದಲ್ಲೇ ಇದ್ದ ಗಾಳಿ ಪೈಪಿನ ವಾಲ್ವನ್ನು ತಿರುಗಿಸಿಬಿಟ್ಟೆ. ಗನ್ನು ಸತ್ತಿತು. ಆಗ ಅವಳು ತಿರುಗಿ ನೋಡಿದಳು. ಮುಖ ಬೆಳ್ಳಗಾಗಿತ್ತು. ಕೈ ಹೊರಗೆ ತೆಗೆದಳು. ಸಾಕ್ಸು ಕೆಂಪಾಗಿತ್ತು, ಅದರಿಂದ ಹಸಿರು ಗಾಜಿನ ಚೂರು ಕೆಳಗೆ ಬಿದ್ದವು.

"ಯಾವಾಗ ಒಡೀತಿದು?" ಎಂದು ಕೇಳಿದೆ.

"ಆಗಳೆ, ಅತ್ತಿ."

"ಆಗಳೆ ಅಂದ್ರ?"

"ನಾಕ್ನೇ ಚಕ್ರ ಹಿಡಿದಾಗ. ಟಕ್ ಅಂತು. ಚುಚ್ಚಿತು."

ಆಗ ಅವಳ ಕೈಯಲ್ಲಿದ್ದದ್ದು ಆರನೇ ಚಕ್ರ. "ಗೊತ್ತಾದ್ರೂ ಕೈ ಯಾಕ ತಗೀಲಿಲ್ಲ?"

ಅವಳು ನೆಲ ನೋಡಿದಳು. "ಅವರು ಗಾಡಿ ಮ್ಯಾಲೆ ಅದಾರ್ರಿ. ಒಡದದ್ದನ್ನ ಕಣ್ಣಿಂದ ನೋಡಬಾರ್ದು ಅನಿಸ್ತು. ದೇವರಿಗೆ ಬೇಡ್ಕೊಂಡು ಹಂಗ ಮಾಡಿದೆ."

ನನಗೆ ಬೈಯಲು ಆಗಲಿಲ್ಲ. ಸಾಕ್ಸು ಹಾಕಿಕೊಟ್ಟವಳು ನಾನು. ಅದು ಇರದಿದ್ದರೆ ರಕ್ತ ಬೆರಳಿಗೆ ಇಳಿಯುತ್ತಿತ್ತು, ಆಗಲಾದರೂ ತೆಗೆಯುತ್ತಿದ್ದಳು.

ಮಾಲೀಕನ ಗಾಡಿಯಲ್ಲಿ ಕೊಪ್ಪಳದ ದವಾಖಾನೆಗೆ ಹೋದೆವು. ನೀರು ಹಾಕಿ ತೊಳೆದು ನೋಡಿದರೆ ಮಣಿಕಟ್ಟಿನ ಒಳಗಡೆ ರೊಟ್ಟಿಯ ಸುಟ್ಟ ಕಲೆಯಷ್ಟು ಅಗಲ ಚರ್ಮವೇ ಇರಲಿಲ್ಲ. ಸುತ್ತಲೂ ಕಂದು ಪುಡಿ ಚರ್ಮದ ಕೆಳಗೆ ಹೋಗಿ ಕೂತಿತ್ತು. ತೊಳೆದರೆ ಹೋಗುವುದಲ್ಲ, ಮರಗಟ್ಟಿಸಿ ಬ್ರಷ್ಷಿನಿಂದ ತಿಕ್ಕಬೇಕು, ದೊಡ್ಡದನ್ನು ಆರಿಸಿ ತೆಗೆಯಬೇಕು ಎಂದರು ಡಾಕ್ಟರು. ಇನ್ನೂ ಸ್ವಲ್ಪ ಹೊತ್ತು ಹೊಡೆದಿದ್ದರೆ ಒಳಗಿನ ನರಕ್ಕೆ ಹೋಗುತ್ತಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ ಎಂದರು. ಇದನ್ನು ಅವರು ನನಗೆ ಹೇಳಿದರು. ನಾನು ಅವಳಿಗೆ ಹೇಳಿದೆ. ಮುಚ್ಚಿಟ್ಟದ್ದು ಅಷ್ಟು ಸಾಕು ಅನಿಸಿತ್ತು.

ಎಡಗೈಯಲ್ಲಿ ಇನ್ನೂ ಐದಾರು ಬಳೆ ಉಳಿದಿದ್ದವು. ಕೈ ಬಾತಿತ್ತು, ಇಳಿಯುವ ಮಾತೇ ಇಲ್ಲ. ನರ್ಸ್ ಬಾಯಿ ಯಾರನ್ನೂ ಕೇಳಲಿಲ್ಲ. ಬಳೆಯ ಕೆಳಗೆ ಬಟ್ಟೆ ಸುತ್ತಿ, ಇಕ್ಕಳದಲ್ಲಿ ಹಿಡಿದು ಒಂದೊಂದನ್ನೇ ಒತ್ತಿದರು. ಪ್ರತಿ ಸಲ ಸಣ್ಣ ಸದ್ದು. ಸೊಸೆ ಕೈಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ನಾನು ಗೋಡೆಯ ಮೇಲಿನ ಪಟ ನೋಡಿದೆ. ಯಾವ ಪಟ ಎಂದು ಕೇಳಿದರೆ ಹೇಳಲಾರೆ.

"ಯಾಕಮ್ಮಾ ಅಳ್ತಿ? ಇನ್ನೂ ಬ್ರಷ್ಷಾ ಹಚ್ಚಿಲ್ಲ ನಾ" ಎಂದರು ನರ್ಸ್ ಬಾಯಿ.

ಪಟ್ಟಿ ಕಟ್ಟಿದ ಮೇಲೆ ಅವಳು ಮೊದಲು ಕೇಳಿದ್ದು ಫೋನು. ಬಲಗೈಯಿಂದ ಒತ್ತಿ ಗಂಡನಿಗೆ ಹಚ್ಚಿದಳು. ಸ್ಪೀಕರ್ ಆನ್ ಇತ್ತು, ನನಗೂ ಕೇಳುತ್ತಿತ್ತು.

"ರೀ, ಆರಾಮದೀರಿಲ್ಲ? ಎಲ್ಲದೀರಿ?"

"ಇಡ್ಲಿ ತಿನ್ನಾಕತ್ತೀನಿ. ಯಾಕ?"

"ಗಾಡಿ ನಿಂತೈತಿಲ್ಲ?"

"ಓಡೋ ಗಾಡ್ಯಾಗ ಇಡ್ಲಿ ಹೆಂಗ ತಿನ್ಲೇ? ಏನಾಗೈತಿ ಹೇಳು ಮೊದಲ."

ಹೇಳಿದಳು. ಅವನು ಇಡ್ಲಿ ತಟ್ಟೆ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ "ಅವ್ವ ಎಲ್ಲಿದ್ಲು ಆಗ?" ಎಂದ. ಸೊಸೆ ನನ್ನ ಕಡೆ ನೋಡಿದಳು. "ಅತ್ತಿನಾ ಗಾಳಿ ಬಂದ್ ಮಾಡಿದ್ದು" ಎಂದಳು. ಅದು ನಿಜ. ಪೂರ್ತಿ ನಿಜ ಅಲ್ಲ.

ಮರುದಿನ ಬೀಗತಿ ಬಂದಳು. ಸೊಸೆಯ ತಾಯಿ. ಚಪ್ಪಲಿ ಬಿಡುವ ಮೊದಲೇ ಮಗಳ ಕೈ ನೋಡಿದಳು. ಬಲಗೈಯಲ್ಲಿ ಬಳೆ, ಎಡಗೈಯಲ್ಲಿ ಬರೀ ಪಟ್ಟಿ.

"ನಿನ್ನ ಕೈಯಂಗ ನನ್ನ ಮಗಳ ಕೈ ಮಾಡಬೇಕಂತ ಮಾಡೀಯೇನು?" ಎಂದಳು ನನಗೆ.

ಮೊಮ್ಮಗಳು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು. ಒಳಗೆ ಹೋಗು ಎಂದು ಅವಳಿಗೆ ಕಣ್ಣು ಮಾಡಿದೆ. ಹೋಗಲಿಲ್ಲ.

"ಮೊದಲ ದಿನಾ ಮಾಡಿದ್ರ ಛಲೋ ಇತ್ತು" ಎಂದೆ. "ಬಳಿ ತಗಿ ಅಂತ ಹೇಳಬೇಕಿತ್ತು. ನಾ ಹೇಳ್ಲಿಲ್ಲ. ನೀ ಹಿಂಗ ಅಂತಿ ಅಂತನಾ ಹೇಳ್ಲಿಲ್ಲ. ಅದು ನನ್ನ ತಪ್ಪು. ಈಗ ಬಯ್ಯೋದಿದ್ರ ಬಯ್ಯಿ, ಆದ್ರ ಕುಂತು ಬಯ್ಯಿ. ನಿಂತು ಕೇಳಾಕ ನನಗ ಉಸರಿಲ್ಲ."

ಬೀಗತಿ ಕೂತಳು. ಬೈದಳು. ಚಹಾ ಕುಡಿಯುತ್ತಾ ಬೈದಳು. ಮಗಳನ್ನು ಮತ್ತೆ ಆ ಕೆಲಸಕ್ಕೆ ಕಳಿಸುವುದಿಲ್ಲ, ತವರಿಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ನಾನು ಬೇಡ ಎನ್ನಲಿಲ್ಲ. ಗೋಡೆಗೆ ಒರಗಿ ಕೇಳಿದೆ. ಸೊಸೆಯೇ "ನಾ ಬರಂಗಿಲ್ಲ" ಎಂದಳು. "ಯಾಕ ಬರಂಗಿಲ್ಲ?" "ಕೈಯಾಗ ಕಲಿತ ಕೆಲಸ ಐತಿ, ಅದಕ್ಕ."

ನಾಲ್ಕನೇ ದಿನ ಮಗ ಬಂದ. ಹೆಂಡತಿಯ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನಿಗೆ ಸಿಟ್ಟು ಬಂದರೆ ದನಿ ಸಣ್ಣದಾಗುತ್ತದೆ.

"ಗಾಡಿ ಬ್ರೇಕು ನನ್ನ ಕಾಲಾಗ ಐತಿ. ನಿನ್ನ ಬಳ್ಯಾಗ ಐತೇನು?" ಎಂದ.

"ಹಂಗಂದ್ರ ಗಾಡಿ ಮುಂದ ನಿಂಬಿಹಣ್ಣು ಯಾಕ ಕಟ್ಟೀರಿ?" ಎಂದಳು ಅವಳು.

ಅವನು ಕೈ ತೊಳೆಯಲು ಎದ್ದ. ಎಲ್ಲರೂ ಊಟಕ್ಕೆ ಕೂತೆವು. ಒಂದು ಕೈಗೆ ಪಟ್ಟಿ ಕಟ್ಟಿದ್ದರಿಂದ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಾನು ಬಡಿದ ರೊಟ್ಟಿ ದಪ್ಪಗಿದ್ದವು, ಎಲ್ಲರೂ ಅಗಿದು ಅಗಿದು ತಿಂದರು.

ಅವಳ ಕೈ ಮಾಯುವವರೆಗೆ ನಾನು ಮತ್ತೆ ಡಬ್ಬಿ ಮುಂದೆ ನಿಂತೆ. ಡಾಕ್ಟರು ಬೇಡ ಎಂದದ್ದು ನೆನಪಿತ್ತು. ಬೇರೆ ಯಾರಿಗೂ ಬರುವುದಿಲ್ಲ, ಬಿಟ್ಟರೆ ಮಾಲೀಕ ಬೇರೆಯವರನ್ನು ತರುತ್ತಾನೆ, ಅವಳ ಜಾಗ ಹೋಗುತ್ತದೆ. ಒಂದು ಚಕ್ರ ಹೊಡೆಯುವುದು, ಹತ್ತು ನಿಮಿಷ ಕೂರುವುದು. ಮಾಲೀಕ ಹೊಸ ಗ್ಲೌಸು ತರಿಸಿದ್ದ. ಹಳೆಯದರ ತೇಪೆಗಳನ್ನು ಅವನಿಗೆ ತೋರಿಸಿ, ಇದೆಲ್ಲ ನಾನೇ ಮುಚ್ಚಿದ್ದು ಎಂದು ಹೇಳಿದೆ. ಅವನು ತೇಪೆ ಎಣಿಸಿದ. "ಆಯಿ, ನನಗ ಒಂದ ಮಾತು ಹೇಳಬಾರದಿತ್ತಾ?" ಎಂದ. "ನೀವೂ ಆಕಿಗೆ ಒಂದ ಮಾತು ಹೇಳಬಾರದಿತ್ತಾ?" ಎಂದೆ.

ಪಟ್ಟಿ ಬಿಚ್ಚಿದ ದಿನ ಅವಳು ನನ್ನನ್ನು ಬಜಾರಿಗೆ ಕರೆದುಕೊಂಡು ಹೋದಳು. ಗಾಯ ಮಾಯಿತ್ತು, ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದರ ಸುತ್ತ ಕಂದು ಚುಕ್ಕೆಗಳು ಹಾಗೇ ಉಳಿದಿದ್ದವು, ಹಚ್ಚೆ ಚುಚ್ಚಿದ ಹಾಗೆ. ಬೆರಳು ಐದೂ ಮಡಚುತ್ತಿದ್ದವು. ಬಸ್ಸಿನಲ್ಲಿ ನಾನು ಅದನ್ನೇ ಮೂರು ಸಲ ಮಾಡಿಸಿ ನೋಡಿದೆ.

ಬಳೆ ಅಂಗಡಿಯವನು ಅವಳ ಕೈಯನ್ನು ಒತ್ತಿ ನೋಡಿ, ಎರಡು-ನಾಲ್ಕು ಅಳತೆಯ ಬಳೆ ತೆಗೆದ.

"ಅದು ಬ್ಯಾಡ್ರಿ. ಎರಡು-ಎಂಟು ಕೊಡ್ರಿ" ಎಂದಳು.

"ಯವ್ವಾ, ನಿನ್ನ ಕೈಗೆ ಅದು ಭಾಳ ಸಡ್ಲ ಆಗ್ತೈತಿ. ಜಾರಿ ಬೀಳ್ತಾವ."

"ಜಾರಬೇಕ್ರಿ. ಅದಕ್ಕ ಕೇಳಾಕತ್ತೀನಿ."

ಅವನು ನನ್ನ ಮುಖ ನೋಡಿದ. ಇದು ಅವಳು ಒಬ್ಬಳೇ ಯೋಚನೆ ಮಾಡಿದ್ದು. ಬಲಗೈಯದೂ ಬದಲಿಸಿಕೊಂಡಳು. ಹಸಿರೇ. ನಡೆದರೆ ಬಳೆ ಮೊಣಕೈಯಿಂದ ಅಂಗೈವರೆಗೆ ಓಡಾಡುತ್ತಿದ್ದವು.

ಮರುದಿನ ವರ್ಕ್‌ಶಾಪಿನಲ್ಲಿ ಡಬ್ಬಿ ಮುಂದೆ ನಿಂತು, ಸೊಂಟದಿಂದ ಒಂದು ಅರಿಷಿಣ ಹಚ್ಚಿದ ದಾರ ತೆಗೆದಳು. ಎರಡು ತುಂಡು. ಕೈ ಖಾಲಿ ಬಿಡುವುದಕ್ಕೆ ಅವಳು ಕೊನೆಗೂ ಒಪ್ಪಲಿಲ್ಲ. ದಾರ ಕಟ್ಟಿದ ಮೇಲೆ ಬಳೆ ತೆಗೆಯುತ್ತಾಳಂತೆ.

"ನೀವ ಕಟ್ರಿ, ಅತ್ತಿ."

"ನಾ ಕಟ್ಟಬಾರ್ದು, ನಿನಗ ಗೊತ್ತೈತಿ."

"ಮತ್ತ ಯಾರು ಕಟ್ಟಬೇಕ್ರಿ? ವೆಲ್ಡಿಂಗ್ ಅಣ್ಣನಾ?"

"ಹಲ್ಲಿಲ್ಲೇನು ನಿನಗ? ಹಲ್ಲೀಲೆ ಕಟ್ಕೋ."

ಹಲ್ಲಿನಿಂದಲೇ ಕಟ್ಟಿಕೊಂಡಳು. ಗಂಟು ಚೆನ್ನಾಗಿ ಬೀಳಲಿಲ್ಲ, ನಾನು ತುದಿ ಮಾತ್ರ ಕತ್ತರಿಸಿದೆ. ದಾರ ಮೆತ್ತಗಿದೆ, ರಬ್ಬರಿಗೆ ಏನೂ ಮಾಡುವುದಿಲ್ಲ, ಇರಲಿ ಬಿಡು ಎಂದುಕೊಂಡೆ. ಬಳೆಗಳನ್ನು ಒಂದೊಂದಾಗಿ ಇಳಿಸಿ ಊಟದ ಡಬ್ಬಿಯ ಮುಚ್ಚಳದಲ್ಲಿ ಇಟ್ಟಳು. ಇಳಿಸುವಾಗ ತುಟಿ ಆಡುತ್ತಿದ್ದವು. ಏನು ಬೇಡಿಕೊಂಡಳೋ ಕೇಳಲಿಲ್ಲ. ವೆಲ್ಡಿಂಗಿನವನು ಆ ಕಡೆ ತಿರುಗಿ ನಿಂತಿದ್ದ, ಅವನಿಗೂ ಅಷ್ಟು ಬುದ್ಧಿ ಇತ್ತು.

ಆಮೇಲೆ ನಾನು ಹೇಳಿದೆ, ಮೊದಲ ದಿನ ಹೇಳಬೇಕಾಗಿದ್ದನ್ನು. "ಇನ್ನ ಮ್ಯಾಲೆ ಒಳಗ ಏನರ ಚುಚ್ಚಿತು, ಏನರ ತಣ್ಣಗಾತು, ಏನರ ಸಪ್ಪಳಾತು ಅಂದ್ರ, ನಿನ್ನ ಗಂಡ ಎಲ್ಲೇ ಇರ್ಲಿ, ಯಾವ ರೈತ ಬಾಗಲಾಗ ಕುಂತಿರ್ಲಿ, ಕಾಲು ತಗದು ಕೈ ಹೊರಗ ತಗ್ದು ಕಣ್ಣಿಂದ ನೋಡಬೇಕು. ನೋಡ್ಲಿಲ್ಲಂದ್ರ ಅದು ಸುಳ್ಳಾಗಂಗಿಲ್ಲ."

"ಹೂಂನ್ರಿ" ಎಂದಳು.

ಗ್ಲೌಸು ಬೆಳಕಿಗೆ ಎಳೆದು ನೋಡಿದಳು. ನಾನೂ ನೋಡಿದೆ. ಫ್ಯಾನು ಹಾಕಿದಳು, ಗಾಳಿ ಬಿಟ್ಟಳು, ಕಾಲು ಒತ್ತಿದಳು. ಆ ದಿನವೆಲ್ಲ ನಾನು ಸಾಮಾನು ಒರೆಸಲಿಲ್ಲ. ಅವಳ ತೋಳಿನ ಹತ್ತಿರವೇ ಕಣ್ಣಿಟ್ಟು ಸ್ಟೂಲಿನ ಮೇಲೆ ಕೂತಿದ್ದೆ. ಮಧ್ಯಾಹ್ನ ತೂಕಡಿಕೆ ಬಂತು, ಎಚ್ಚರವಾದ ಕೂಡಲೇ ಅವಳ ತೋಳು ನೋಡಿದೆ, ಏನೂ ಆಗಿರಲಿಲ್ಲ. ಗ್ಲೌಸಿನ ಅಂಚಿನಿಂದ ಒಂದು ಚಿಟಿಕೆ ದೂಳು ಹೊರಗೆ ಬಂದಿರಲಿಲ್ಲ.

ಸಂಜೆ ಕಾಲು ತೆಗೆದು, ನೂರು ಎಣಿಸಿ, ಕೈ ಹೊರಗೆ ತೆಗೆದಳು. ಎರಡೂ ಕೈ ನನ್ನ ಮುಂದೆ ಹಿಡಿದಳು. ಬೆವರು ಮಾತ್ರ ಇತ್ತು.

"ಆತಿಲ್ರಿ?"

"ಆತು. ನಾಳಿಂದ ನಾ ಬರಂಗಿಲ್ಲ."

ಅವಳು ಬಳೆ ಏರಿಸಿಕೊಳ್ಳುತ್ತಾ ನನ್ನ ಕಡೆ ನೋಡಿದಳು. ಹಾಗನ್ನಬೇಡಿ, ಬನ್ನಿ ಎನ್ನುತ್ತಾಳೇನೋ ಎಂದುಕೊಂಡೆ.

"ಬರಬ್ಯಾಡ್ರಿ. ನಿಮ್ಮನ್ನ ಕಾಯ್ಕೋತ ನನ್ನ ಕೆಲಸ ನಿಧಾನ ಆಗಾಕತ್ತೈತಿ" ಎಂದಳು. "ರೊಟ್ಟಿ ಮಾತ್ರ ತೆಳ್ಳಗ ಬಡೀರಿ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಇರಕಲ್ಲಗಡ ಬಂದದ್ದು ನನಗೆ ಗೊತ್ತಾಗಲಿಲ್ಲ, ಅವಳು ಭುಜ ಹಿಡಿದು ಎಬ್ಬಿಸಿದಳು.